ಐದು ಸಾವಿರದ ಗೆರೆ

ನಮ್ಮ ಸೋದರತ್ತೆಯ ಊರು ಹೆದ್ದಾರಿಯ ಮಗ್ಗುಲಲ್ಲಿದೆ. ನಾನು ಹುಡುಗನಾಗಿದ್ದಾಗ ಕೈಮರದ ಹತ್ತಿರ ಬಸ್ಸಿಳಿದು, ರಾಗಿ ಹೊಲಗಳ ನಡುವೆ ಮುಕ್ಕಾಲು ಮೈಲಿ ನಡೆದರೆ ಅತ್ತೆಯ ಮನೆ. ಈಗ ಆ ಹೊಲಗಳಲ್ಲಿ ಸೈಟಿನ ಕಲ್ಲು ನೆಟ್ಟಿದ್ದಾರೆ. ಕಳೆದ ಸಲ ಹೋದಾಗ ಪಂಚಾಯಿತಿ ಕಚೇರಿಯ ಬೋರ್ಡು ಬದಲಾಗಿತ್ತು. ಹೊಸ ನೀಲಿ ಬಣ್ಣದ ಮೇಲೆ ‘ಪಟ್ಟಣ ಪಂಚಾಯಿತಿ’ ಎಂದು ಬಿಳಿ ಅಕ್ಷರ. ಬಣ್ಣ ತೆಳುವಾಗಿ ಬಳಿದಿದ್ದರೇನೋ, ಬಿಸಿಲು ಓರೆಯಾಗಿ ಬಿದ್ದಾಗ ‘ಪಟ್ಟಣ’ದ ಕೆಳಗೆ ‘ಗ್ರಾಮ’ ಇನ್ನೂ ಕಾಣುತ್ತಿತ್ತು.

ಅತ್ತೆ ಜಗಲಿಯ ಮೇಲೆ ಕೂತು ಕಾಕಡಾ ಕಟ್ಟುತ್ತಿದ್ದರು. ಬಾಳೆನಾರು ನೆನೆಸಿದ ಬಟ್ಟಲು ಪಕ್ಕದಲ್ಲಿ, ಬಿಡಿ ಹೂವಿನ ಮೊರ ಮಡಿಲಲ್ಲಿ.

“ನಿಮ್ಮೂರು ಈಗ ಪಟ್ಟಣ ಆಯ್ತಂತಲ್ಲ ಅತ್ತೆ?”

“ಹಂಗಂತಾರಪ್ಪ. ಬೋರ್ಡಿಗೆ ಬಣ್ಣ ಹೊಡೀತಿದ್ರು, ನೋಡ್ದೆ. ನಮ್ಮನ್ನೇನು ಯಾರೂ ಕೇಳ್ಲಿಲ್ಲ.” ಒಂದು ಮೊಳ ಅಳೆದು ಗಂಟು ಹಾಕಿ ಮತ್ತೆ ಹೇಳಿದರು: “ನೀರು ಬರ್ಲಿಲ್ಲ ಅಂದ್ರೆ ಮುಂಚೆ ಗ್ರಾಮಸಭೇಲಿ ಎದ್ದು ನಿಂತು ಕೇಳ್ತಿದ್ವಿ. ಈಗ ಆ ಸಭೇನೂ ಇಲ್ವಂತೆ.”

ಆ ಎರಡು ಮಾತು ನನ್ನನ್ನು ಬಿಟ್ಟಿಲ್ಲ. ಒಂದು ಊರನ್ನು ನಗರ ಎಂದು ಕರೆಯುವ ಹಕ್ಕು ಯಾರದು? ಕರೆಯುವ ಮುನ್ನ ಯಾರನ್ನು ಕೇಳಬೇಕು? ಕರೆದ ಮೇಲೆ ಏನನ್ನು ಕೊಡಬೇಕು?

ನಮ್ಮ ಭಾಷೆಗೆ ಈ ಚಿಂತೆಯೇ ಇರಲಿಲ್ಲ. ಕನ್ನಡದ ‘ಊರು’ ಎಂಬ ಮಾತಿಗೆ ಜನಸಂಖ್ಯೆಯ ಮಿತಿಯಿಲ್ಲ. ಹತ್ತು ಮನೆಯ ಹಟ್ಟಿಯವನನ್ನೂ ಕೋಟಿ ಜನರ ಬೆಂಗಳೂರಿನವನನ್ನೂ ನಾವು “ಯಾವೂರು ನಿಮ್ದು?” ಎಂದೇ ಕೇಳುತ್ತೇವೆ. ಬೆಂಗಳೂರು, ಮೈಸೂರು, ಮಂಗಳೂರು ಎಷ್ಟೇ ಬೆಳೆದರೂ ಹೆಸರಿನ ಕೊನೆಯ ಊರನ್ನು ಬಿಟ್ಟುಕೊಟ್ಟಿಲ್ಲ. ಊರು ಎಂದರೆ ನಾವು ಸೇರಿದ ಜಾಗ, ಅಷ್ಟೆ.

ಕಾನೂನಿಗೆ ಅಷ್ಟು ಸಾಲದು. ತೆರಿಗೆ ಎಷ್ಟು, ಅನುದಾನ ಎಷ್ಟು, ಚರಂಡಿ ಯಾರ ಹೊಣೆ, ಮನೆ ಕಟ್ಟಲು ಯಾರ ಅನುಮತಿ ಎಂದು ಹೇಳಬೇಕಾದರೆ ಅದು ಎಲ್ಲಾದರೂ ಒಂದು ಗೆರೆ ಎಳೆಯಲೇಬೇಕು. ಗೆರೆ ಎಳೆದದ್ದರಲ್ಲಿ ತಪ್ಪಿಲ್ಲ. ಎಳೆಯುವ ಕೈ ಯಾರದು, ಎಳೆಯುವಾಗ ಯಾರನ್ನು ಎಣಿಸಿತು ಎಂಬುದರಲ್ಲಿ ಧರ್ಮವೂ ಇದೆ, ಅಧರ್ಮವೂ ಇದೆ.

ಇದನ್ನು ಯೋಚಿಸುವಾಗ ನನಗೆ ಅಮೆರಿಕದ ಓಹಾಯೊ ರಾಜ್ಯದ ಒಂದು ಮತದಾನ ನೆನಪಾಗುತ್ತದೆ. ಅಲ್ಲಿ ಪ್ರತಿ ರಾಜ್ಯಕ್ಕೂ ತನ್ನದೇ ಸಂವಿಧಾನವಿದೆ. ಅದನ್ನು ತಿದ್ದಬೇಕಾದರೆ ಸಾಮಾನ್ಯವಾಗಿ ಜನರ ಮುಂದೆಯೇ ಇಟ್ಟು ಮತ ಕೇಳಬೇಕು. 1912ರ ಸೆಪ್ಟೆಂಬರ್ 3ರಂದು ಓಹಾಯೊದ ಮತದಾರರ ಮುಂದೆ 42 ತಿದ್ದುಪಡಿಗಳಿದ್ದವು. ಅವುಗಳಲ್ಲಿ ಒಂದು, ನಗರ ಎಂದರೆ ಏನು ಎಂಬುದನ್ನು ಸಂವಿಧಾನದಲ್ಲೇ ಬರೆಯುವ ತಿದ್ದುಪಡಿ. ಐದು ಸಾವಿರ ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಪೌರ ಸಂಸ್ಥೆಗಳು ನಗರಗಳು, ಉಳಿದವು ‘ವಿಲೇಜ್’ಗಳು ಎಂದು ಅದು ನೇರವಾಗಿ ಹೇಳಿತು. ನಗರಕ್ಕೂ ವಿಲೇಜಿಗೂ ಸ್ವಂತ ಆಡಳಿತದ ಅಧಿಕಾರವನ್ನೂ ಕೊಟ್ಟಿತು. ಜನ ಅದನ್ನು ಒಪ್ಪಿದರು. ಆ ಗೆರೆ ಇಂದಿಗೂ ಅಲ್ಲಿದೆ. ಜನಗಣತಿಯಲ್ಲಿ ಐದು ಸಾವಿರ ದಾಟಿದ ವಿಲೇಜು ನಗರವಾಗುತ್ತದೆ, ಅದಕ್ಕಿಂತ ಕೆಳಗಿಳಿದ ನಗರ ವಿಲೇಜಾಗುತ್ತದೆ.

ಒಂದು ಸಂಖ್ಯೆಯನ್ನು ಸಂವಿಧಾನದಲ್ಲೇ ಕೆತ್ತಿಡುವ ಅಗತ್ಯ ಏಕೆ ಬಂತು? ಅದರ ಹಿಂದೆ ಅರ್ಧ ಶತಮಾನದ ಒಂದು ಆತ್ಮವಂಚನೆಯಿದೆ. ಓಹಾಯೊದ 1851ರ ಸಂವಿಧಾನ, ಯಾವುದೇ ಒಂದು ನಗರಕ್ಕೆಂದು ವಿಶೇಷ ಕಾನೂನು ಮಾಡಿ ಅಧಿಕಾರ ಕೊಡಬಾರದು ಎಂದಿತ್ತು. ಒಬ್ಬರಿಗೆ ಬೆಣ್ಣೆ, ಒಬ್ಬರಿಗೆ ಸುಣ್ಣ ಆಗದಿರಲಿ ಎಂಬ ಒಳ್ಳೆಯ ಉದ್ದೇಶ. ಶಾಸಕರು ಅದಕ್ಕೊಂದು ಅಡ್ಡದಾರಿ ಹುಡುಕಿದರು. ನಗರದ ಹೆಸರು ಹೇಳುವ ಬದಲು ‘ಇಷ್ಟರಿಂದ ಇಷ್ಟು ಜನಸಂಖ್ಯೆಯ ನಗರಗಳಿಗೆ’ ಎಂದು ಬರೆದರು. ಆ ಎರಡು ಸಂಖ್ಯೆಗಳ ನಡುವೆ ರಾಜ್ಯದಲ್ಲಿ ಇರುತ್ತಿದ್ದುದು ಒಂದೇ ಊರು. ವರ್ಗ, ಉಪವರ್ಗ, ದರ್ಜೆ ಎಂದು ಸೀಳುತ್ತ ಹೋಗಿ ದೊಡ್ಡ ನಗರಗಳೆಲ್ಲ ಒಂದೊಂದೂ ತಾನೇ ಒಂದು ವರ್ಗವಾದವು. ಕಾನೂನಿನ ಅಕ್ಷರ ಉಳಿಯಿತು, ಪ್ರಾಣ ಹೋಯಿತು.

ವ್ಯಾಖ್ಯೆ ಆಳುವವರ ಕೈಯಲ್ಲಿ ಆಯುಧವಾಗುವುದು ಹೀಗೆ. ಟೊಲೆಡೊ ನಗರದಲ್ಲಿ ಸ್ಯಾಮ್ಯುಯೆಲ್ ಜೋನ್ಸ್ ಎಂಬ ಮೇಯರ್ ಇದ್ದರು. ಎಣ್ಣೆಬಾವಿಯ ಉಪಕರಣ ತಯಾರಿಸುವ ಕಾರ್ಖಾನೆಯ ಒಡೆಯ. ‘ನಿನ್ನೊಂದಿಗೆ ಇನ್ನೊಬ್ಬರು ಹೇಗೆ ನಡೆದುಕೊಳ್ಳಬೇಕೆಂದು ಬಯಸುತ್ತೀಯೋ ಇನ್ನೊಬ್ಬರೊಂದಿಗೆ ಹಾಗೇ ನಡೆದುಕೋ’ ಎಂಬ ಸುವರ್ಣ ನಿಯಮವನ್ನು ಕಾರ್ಖಾನೆಯ ಗೋಡೆಗೆ ಹಾಕಿಸಿದ್ದರಿಂದ ‘ಗೋಲ್ಡನ್ ರೂಲ್ ಜೋನ್ಸ್’ ಎಂದೇ ಹೆಸರಾದವರು. ನಗರದ ಕೆಲಸಗಾರರಿಗೆ ಎಂಟು ಗಂಟೆಯ ದಿನ ತಂದರು. ಪೊಲೀಸರ ಕೈಯಿಂದ ದೊಣ್ಣೆ ತೆಗೆಸಿ ಹಗುರವಾದ ಬೆತ್ತ ಕೊಡಿಸಿದರು. ಇಂಥ ಮೇಯರನಿಂದ ಪೊಲೀಸ್ ಆಡಳಿತವನ್ನು ಕಿತ್ತುಕೊಳ್ಳಲು 1902ರಲ್ಲಿ ಶಾಸನಸಭೆ ಟೊಲೆಡೊಗೆ ಮಾತ್ರ ಅನ್ವಯವಾಗುವ ಕಾನೂನು ಮಾಡಿ, ರಾಜ್ಯವೇ ನೇಮಿಸುವ ಮಂಡಳಿಯೊಂದನ್ನು ಕಳಿಸಿತು. ಜೋನ್ಸ್ ಅಧಿಕಾರ ಒಪ್ಪಿಸಲಿಲ್ಲ. ಓಹಾಯೊದ ಸುಪ್ರೀಂ ಕೋರ್ಟ್ ಅವರ ಪರ ನಿಂತು, ವರ್ಗೀಕರಣದ ವೇಷ ತೊಟ್ಟ ವಿಶೇಷ ಕಾನೂನು ಸಂವಿಧಾನಕ್ಕೆ ವಿರುದ್ಧ ಎಂದಿತು.

ಹಳೆಯ ವರ್ಗೀಕರಣ ಬಿದ್ದುಹೋದ ಮೇಲೆ ಶಾಸನಸಭೆ ಎಲ್ಲ ನಗರಗಳಿಗೂ ಒಂದೇ ಅಚ್ಚಿನ ಕಾನೂನು ತಂದಿತು. ಒಂದೇ ಅಳತೆಯ ಅಂಗಿಯನ್ನು ಮಗುವಿಗೂ ಮುದುಕನಿಗೂ ತೊಡಿಸಿದ ಹಾಗಾಯಿತು. ತನ್ನ ಊರಿನ ವ್ಯವಹಾರವನ್ನು ತಾನೇ ನೋಡಿಕೊಳ್ಳುವ ಹಕ್ಕಿಗಾಗಿ ಊರುಗಳು ಇನ್ನೂ ಹತ್ತು ವರ್ಷ ಹೋರಾಡಬೇಕಾಯಿತು. ಟ್ರಾಮಿನ ದರ ಮೂರು ಸೆಂಟಿಗೆ ಇಳಿಯಬೇಕೆಂದು ಹಟ ಹಿಡಿದು ಕಂಪನಿಗಳೊಂದಿಗೆ ಸೆಣಸಿದ ಕ್ಲೀವ್‌ಲ್ಯಾಂಡಿನ ಮೇಯರ್ ಟಾಮ್ ಜಾನ್ಸನ್ ಈ ಹಕ್ಕಿನ ದೊಡ್ಡ ದನಿಯಾಗಿದ್ದರು. ಜೋನ್ಸ್ 1904ರಲ್ಲಿ, ಜಾನ್ಸನ್ 1911ರಲ್ಲಿ ತೀರಿಕೊಂಡರು. ಮತದಾನದ ದಿನವನ್ನು ಇಬ್ಬರೂ ಕಾಣಲಿಲ್ಲ.

ಐದು ಸಾವಿರದ ಆ ಗೆರೆಯನ್ನು ನಾನು ಗೌರವದಿಂದ ನೋಡುವುದು ಇದಕ್ಕೇ. ಅದು ಪರಿಪೂರ್ಣವೆಂದಲ್ಲ. 4,999ರ ಊರಿಗೂ 5,000ದ ಊರಿಗೂ ನಡುವೆ ಒಂದು ಹಸುಗೂಸಿನ ವ್ಯತ್ಯಾಸವಷ್ಟೇ ಇದೆ. ಆದರೂ ಆ ಗೆರೆ ಎಲ್ಲರ ಕಣ್ಣಿಗೆ ಕಾಣುತ್ತದೆ. ಯಾವ ಶಾಸಕನೂ ರಾತ್ರೋರಾತ್ರಿ ತನ್ನ ಅನುಕೂಲಕ್ಕೆ ಅದನ್ನು ಸರಿಸಲಾರ. ಅದನ್ನು ಬದಲಿಸಬೇಕಾದರೆ ಮತ್ತೆ ಜನರನ್ನೇ ಕೇಳಬೇಕು. ಅದೇ ದಿನ ಜನ ಒಪ್ಪಿದ ಇನ್ನೊಂದು ತಿದ್ದುಪಡಿ, ರಾಜ್ಯ, ಕೌಂಟಿ ಮತ್ತು ನಗರಗಳ ನೌಕರಿಗೆ ಅರ್ಹತೆಯ ಮೇಲೆಯೇ ನೇಮಕವಾಗಬೇಕು ಎಂದಿತು. ನಗರ ಎಂದು ಕರೆಸಿಕೊಂಡ ಊರಿಗೆ ಹೆಸರಿನ ಜೊತೆಗೇ ಒಂದು ಕಟ್ಟುಪಾಡೂ ಬಂದಿತು. ಇನ್ನು ಮೇಲೆ ನೆಂಟರಿಷ್ಟರಿಗೆ ನೌಕರಿ ಹಂಚುವ ಹಾಗಿಲ್ಲ.

ಆದರೆ ಅದೇ ದಿನದ ಇನ್ನೊಂದು ಪುಟವನ್ನು ಓದದೆ ಮುಂದೆ ಹೋಗುವುದು ಅಪ್ರಾಮಾಣಿಕತೆ. 42ರಲ್ಲಿ 34 ತಿದ್ದುಪಡಿಗಳು ಗೆದ್ದವು, ಎಂಟು ಸೋತವು. ಸೋತವುಗಳಲ್ಲಿ ಒಂದು, ಹೆಣ್ಣುಮಕ್ಕಳಿಗೆ ಮತದ ಹಕ್ಕು ಕೊಡುವ ತಿದ್ದುಪಡಿ. ಇನ್ನೊಂದು, ಮತದಾರನ ವಿವರಣೆಯಲ್ಲಿ ಉಳಿದುಕೊಂಡಿದ್ದ ‘ಬಿಳಿಯ’ ಎಂಬ ಪದವನ್ನು ತೆಗೆದುಹಾಕುವ ತಿದ್ದುಪಡಿ. ಕಪ್ಪು ಜನಾಂಗದ ಗಂಡಸರಿಗೆ ದೇಶದ ಸಂವಿಧಾನ ಆ ಹೊತ್ತಿಗಾಗಲೇ ಮತದ ಹಕ್ಕು ಕೊಟ್ಟಿತ್ತು. ಹಾಗಿದ್ದೂ ಆ ಪದವನ್ನು ಅಳಿಸಲು ಓಹಾಯೊದ ಮತದಾರರ ಮನಸ್ಸು ಒಪ್ಪಲಿಲ್ಲ.

ಯೋಚಿಸಿ ನೋಡಿ. ಐದು ಸಾವಿರ ಎಂಬ ಎಣಿಕೆಯಲ್ಲಿ ಹೆಂಗಸರಿದ್ದರು, ಮಕ್ಕಳಿದ್ದರು, ಕಪ್ಪು ಜನರಿದ್ದರು. ಅವರೆಲ್ಲರ ತಲೆ ಎಣಿಸದೆ ಊರು ನಗರವಾಗುತ್ತಿರಲಿಲ್ಲ. ಆದರೆ ನಗರ ಎಂದರೆ ಏನು ಎಂದು ತೀರ್ಮಾನಿಸಿದ ಮತಪೆಟ್ಟಿಗೆಯ ಬಳಿಗೆ ಒಬ್ಬ ಹೆಂಗಸೂ ಹೋಗುವಂತಿರಲಿಲ್ಲ. ಲೆಕ್ಕಕ್ಕೆ ಬೇಕಾದವರು ಮಾತಿಗೆ ಬೇಡವಾದರು. ತಮ್ಮ ಊರಿನ ಮೇಲೆ ಹೊರಗಿನವರ ಯಜಮಾನಿಕೆ ಬೇಡವೆಂದ ಗಂಡಸರು ತಮ್ಮ ಮನೆಯೊಳಗಿನ ಯಜಮಾನಿಕೆಯನ್ನು ಬಿಡಲಿಲ್ಲ. ಓಹಾಯೊದ ಹೆಣ್ಣುಮಕ್ಕಳು 1920ರವರೆಗೆ ಕಾಯಬೇಕಾಯಿತು, ದೇಶದ ಸಂವಿಧಾನವೇ ತಿದ್ದುಪಡಿಯಾಗುವ ತನಕ.

ಇದು ದೂರದ ಕಥೆ ಎನ್ನಿಸಬಹುದು. ಆದರೆ ಐದು ಸಾವಿರದ ಗೆರೆ ನಮ್ಮಲ್ಲೂ ಇದೆ.

ಭಾರತದ ಜನಗಣತಿ ಎರಡು ಬಗೆಯ ಪಟ್ಟಣಗಳನ್ನು ಗುರುತಿಸುತ್ತದೆ. ಸರ್ಕಾರ ಕಾನೂನಿನಂತೆ ಪಟ್ಟಣ ಎಂದು ಘೋಷಿಸಿದವು ಒಂದು ಬಗೆ. ಘೋಷಣೆಯಾಗದಿದ್ದರೂ ಲಕ್ಷಣದಲ್ಲಿ ಪಟ್ಟಣವಾಗಿರುವ ‘ಗಣತಿ ಪಟ್ಟಣ’ಗಳು ಇನ್ನೊಂದು. ಅದಕ್ಕೆ ಮೂರು ಲಕ್ಷಣ ಬೇಕು. ಜನಸಂಖ್ಯೆ ಕನಿಷ್ಠ 5,000 ಇರಬೇಕು. ಒಂದು ಚದರ ಕಿಲೋಮೀಟರಿಗೆ ಕನಿಷ್ಠ 400 ಜನರ ಸಾಂದ್ರತೆ ಇರಬೇಕು. ಮೂರನೆಯದನ್ನು ನಿಧಾನವಾಗಿ ಓದಿ: ಮುಖ್ಯ ದುಡಿಮೆಗಾರರಾದ ಗಂಡಸರಲ್ಲಿ ಕನಿಷ್ಠ ಶೇ 75ರಷ್ಟು ಮಂದಿ ಬೇಸಾಯವಲ್ಲದ ಕೆಲಸದಲ್ಲಿರಬೇಕು.

ಗಂಡಸರಲ್ಲಿ ಮಾತ್ರ. ಅತ್ತೆ ಬೆಳಗಿನ ನಾಲ್ಕಕ್ಕೆ ಎದ್ದು ಎರಡು ಹಸು ಕರೆಯುತ್ತಾರೆ, ಡೇರಿಗೆ ಹಾಲು ಹಾಕುತ್ತಾರೆ, ಮಧ್ಯಾಹ್ನ ಹೂ ಕಟ್ಟಿ ಸಂತೆಗೆ ಕಳಿಸುತ್ತಾರೆ. ಗಣತಿಯವರು ಬಂದಾಗ ಅವರ ಕೆಲಸವನ್ನೂ ಬರೆದುಕೊಳ್ಳುತ್ತಾರೆ. ಆದರೆ ಊರು ಹಳ್ಳಿಯೋ ಪಟ್ಟಣವೋ ಎಂದು ತೂಗುವ ತಕ್ಕಡಿಗೆ ಆ ಕೆಲಸವನ್ನು ಹಾಕುವುದಿಲ್ಲ. ಮಾವ ಲಾರಿ ಓಡಿಸುತ್ತಾರೆ ಎಂಬುದು ತೂಕಕ್ಕೆ ಬರುತ್ತದೆ. 1912ರ ಓಹಾಯೊದಲ್ಲಿ ಹೆಣ್ಣಿನ ತಲೆ ಎಣಿಸಿ ಬಾಯಿ ಮುಚ್ಚಿಸಿದರು. ನಮ್ಮಲ್ಲಿ ಹೆಣ್ಣಿಗೆ ಮೊದಲ ಚುನಾವಣೆಯಿಂದಲೂ ಮತವಿದೆ, ಅದು ನಮ್ಮ ದೊಡ್ಡ ಹೆಮ್ಮೆ. ಆದರೆ ಊರಿನ ಸ್ವರೂಪ ಅಳೆಯುವಾಗ ಅವಳ ಕೈ ಕಾಣದಂತೆ ಬಿಟ್ಟಿದ್ದೇವೆ.

2001ರ ಗಣತಿಯಲ್ಲಿ ಇಂಥ ಗಣತಿ ಪಟ್ಟಣಗಳು ದೇಶದಲ್ಲಿ 1,362 ಇದ್ದವು. 2011ರಲ್ಲಿ 3,892 ಆದವು. ಇವುಗಳನ್ನು ಲೆಕ್ಕದಲ್ಲಿ ಪಟ್ಟಣ ಎನ್ನುತ್ತೇವೆ, ಆಡಳಿತದಲ್ಲಿ ಪಂಚಾಯಿತಿಯಲ್ಲೇ ಉಳಿಸುತ್ತೇವೆ. ದೇಶ ಎಷ್ಟು ನಗರೀಕರಣವಾಯಿತು ಎಂದು ಹೇಳಿಕೊಳ್ಳಲು ಅವು ಬೇಕು. ಒಳಚರಂಡಿ, ಕಸ ವಿಲೇವಾರಿ, ನಕ್ಷೆಯಂತೆ ಬೆಳೆದ ರಸ್ತೆ ಕೇಳಿದರೆ, ನೀವಿನ್ನೂ ಹಳ್ಳಿ.

ಇನ್ನು ಕಾನೂನಿನಂತೆ ಪಟ್ಟಣವಾಗುವ ದಾರಿ. ಸಂವಿಧಾನದ 74ನೆಯ ತಿದ್ದುಪಡಿಯನ್ನು ಸಂಸತ್ತು 1992ರ ಡಿಸೆಂಬರ್‌ನಲ್ಲಿ ಅಂಗೀಕರಿಸಿತು, 1993ರ ಜೂನ್ 1ರಿಂದ ಅದು ಜಾರಿಗೆ ಬಂತು. ಅದರ 243ಕ್ಯೂ ವಿಧಿಯಲ್ಲಿ ಹಳ್ಳಿಯಿಂದ ನಗರಕ್ಕೆ ಹೊರಳುತ್ತಿರುವ ಪ್ರದೇಶ, ಚಿಕ್ಕ ನಗರ ಪ್ರದೇಶ, ದೊಡ್ಡ ನಗರ ಪ್ರದೇಶ ಎಂಬ ಮೂರು ಮೆಟ್ಟಿಲಿವೆ. ಕರ್ನಾಟಕದಲ್ಲಿ ನಾವು ಇವನ್ನು ಪಟ್ಟಣ ಪಂಚಾಯಿತಿ, ಪುರಸಭೆ, ನಗರಸಭೆ, ಮಹಾನಗರ ಪಾಲಿಕೆ ಎಂದು ಕಾಣುತ್ತೇವೆ. ಜನಸಂಖ್ಯೆ, ಸಾಂದ್ರತೆ, ಸ್ಥಳೀಯ ಆಡಳಿತದ ವರಮಾನ, ಬೇಸಾಯೇತರ ಉದ್ಯೋಗದ ಪಾಲು, ಆರ್ಥಿಕ ಮಹತ್ವ ಇವನ್ನೆಲ್ಲ ಗಮನಿಸಿ ರಾಜ್ಯಪಾಲರು, ಅಂದರೆ ರಾಜ್ಯ ಸರ್ಕಾರ, ಅಧಿಸೂಚನೆಯ ಮೂಲಕ ಇದನ್ನು ಗೊತ್ತುಪಡಿಸಬೇಕು ಎನ್ನುತ್ತದೆ ಆ ವಿಧಿ. ಆ ಪಟ್ಟಿಯಲ್ಲಿ ಎಲ್ಲವೂ ಇದೆ, ಅಲ್ಲಿ ವಾಸವಿರುವವರ ಒಪ್ಪಿಗೆ ಇಲ್ಲ.

ನಗರವಾಗುವುದು ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಎಷ್ಟೋ ಊರಿನವರು ತಾವೇ ಮನವಿ ಹಿಡಿದು ಶಾಸಕರ ಮನೆಗೆ, ವಿಧಾನಸೌಧಕ್ಕೆ ಅಲೆದಿದ್ದಾರೆ. ಬೀದಿ ದೀಪ, ಒಳಚರಂಡಿ, ಹೆಚ್ಚಿನ ಅನುದಾನ ಯಾರಿಗೆ ಬೇಡ? ಆದರೆ ಬರುವುದರ ಜೊತೆಗೆ ಹೋಗುವುದೂ ಇದೆ. ಗ್ರಾಮೀಣ ಉದ್ಯೋಗದ ಖಾತ್ರಿ ಹಳ್ಳಿಗೆ ಮಾತ್ರ. ಬೋರ್ಡು ಬದಲಾದರೆ ಕೂಲಿಯವಳ ಜಾಬ್ ಕಾರ್ಡು ಬರೀ ಕಾಗದ. ಮನೆ ತೆರಿಗೆಯ ಲೆಕ್ಕ ಬೇರೆಯಾಗುತ್ತದೆ. ಎಲ್ಲಕ್ಕಿಂತ ದೊಡ್ಡ ನಷ್ಟ, ಅತ್ತೆ ಹೇಳಿದ ಗ್ರಾಮಸಭೆ. ಹಳ್ಳಿಯ ಪ್ರತಿ ಮತದಾರರೂ ಸದಸ್ಯರಾಗಿರುವ ಆ ಸಭೆಗೆ ಸಂವಿಧಾನವೇ ಜಾಗ ಕೊಟ್ಟಿದೆ. ನಗರದಲ್ಲಿ ಅದಕ್ಕೆ ಹತ್ತಿರದ ವಾರ್ಡ್ ಸಮಿತಿಯನ್ನು ಸಂವಿಧಾನ ಕಡ್ಡಾಯ ಮಾಡಿರುವುದು ಮೂರು ಲಕ್ಷ ಅಥವಾ ಹೆಚ್ಚು ಜನಸಂಖ್ಯೆಯ ಕಡೆ ಮಾತ್ರ. ಹದಿನೈದು ಸಾವಿರ ಜನರ ಪಟ್ಟಣಕ್ಕೆ ಅತ್ತ ಗ್ರಾಮಸಭೆಯೂ ಇಲ್ಲ, ಇತ್ತ ವಾರ್ಡ್ ಸಮಿತಿಯೂ ಇಲ್ಲ. ಎದ್ದು ನಿಂತು ಕೇಳುವ ಜಾಗವೇ ಹೋಯಿತು.

‘ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ’ ಎಂಬ ಗಾದೆ ನಮ್ಮಲ್ಲಿದೆ. ಬೆಂಗಳೂರಿನ ಅಂಚಿನ ಹಳ್ಳಿಗಳು ಈ ಗಾದೆಯನ್ನೇ ಸುಳ್ಳುಮಾಡಿದವು. 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ ಮತ್ತು 110 ಹಳ್ಳಿಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯನ್ನು ಮಾಡಿದರು. ಒಂದು ಅಧಿಸೂಚನೆಯಲ್ಲಿ 110 ಹಳ್ಳಿಗಳು ಮಹಾನಗರವಾದವು. ಆ ಹಳ್ಳಿಗಳಿಗೆ ನೀರು ಕೊಡುವುದನ್ನೇ ಮುಖ್ಯ ಗುರಿಯಾಗಿಟ್ಟುಕೊಂಡ ಕಾವೇರಿ ಐದನೇ ಹಂತದ ಯೋಜನೆ ಲೋಕಾರ್ಪಣೆಯಾದದ್ದು 2024ರ ಅಕ್ಟೋಬರ್‌ನಲ್ಲಿ. ಹೆಸರು ಬರಲು ಒಂದು ದಿನ, ನೀರು ಬರಲು ಹದಿನೇಳು ವರ್ಷ. ನಡುವಿನ ಅಷ್ಟೂ ವರ್ಷ ಕೊಳವೆಬಾವಿ, ಟ್ಯಾಂಕರು, ಸಾಲುಗಟ್ಟಿದ ಕೊಡಗಳು. ಆ ಕೊಡ ಹಿಡಿದು ನಿಂತವರು ಹೆಚ್ಚಾಗಿ ಯಾರು ಎಂಬುದನ್ನು ಹೇಳಬೇಕಾಗಿಲ್ಲ.

ಅದೇ ಪಾಲಿಕೆಯ ಚುನಾಯಿತ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಚುನಾವಣೆ ನಡೆಯದೆ ವರ್ಷಗಟ್ಟಲೆ ಆಡಳಿತಾಧಿಕಾರಿಗಳ ಕೈಯಲ್ಲೇ ಉಳಿಯಿತು. 2025ರಲ್ಲಿ ಅದನ್ನು ಐದು ಪಾಲಿಕೆಗಳಾಗಿ ಒಡೆದಾಗಲೂ ಒಬ್ಬ ಚುನಾಯಿತ ಪಾಲಿಕೆ ಸದಸ್ಯನೂ ಇರಲಿಲ್ಲ. ಒಡೆದದ್ದು ಸರಿಯೋ ತಪ್ಪೋ ಎಂಬ ವಾದ ಬೇರೆ. ದೊಡ್ಡ ನಗರವನ್ನು ಚಿಕ್ಕದಾಗಿಸಿದರೆ ಆಡಳಿತ ಜನರಿಗೆ ಹತ್ತಿರವಾಗಬಹುದು. ಆದರೆ ಊರನ್ನು ಸೇರಿಸುವಾಗಲೂ ಒಡೆಯುವಾಗಲೂ ಊರಿನವರ ಪ್ರತಿನಿಧಿಯೇ ಇಲ್ಲದಿರುವುದು ನಮಗೆ ಸಹಜವಾಗಿಬಿಟ್ಟಿದೆಯಲ್ಲ, ನನಗೆ ನೋವಾಗುವುದು ಅದಕ್ಕೆ.

ಮಗುವಿಗೆ ಹೆಸರಿಡುವಾಗ ನಾವು ಸುಮ್ಮನೆ ಇಡುವುದಿಲ್ಲ. ನಾಲ್ಕು ಜನರನ್ನು ಕರೆದು, ತೊಟ್ಟಿಲು ಕಟ್ಟಿ, ಕಿವಿಯಲ್ಲಿ ಹೆಸರು ಹೇಳುತ್ತೇವೆ. ಆ ಮಗುವಿನ ಹೊಣೆ ನಮ್ಮದು ಎಂದು ಎಲ್ಲರ ಮುಂದೆ ಒಪ್ಪಿಕೊಳ್ಳುವ ಕ್ರಮ ಅದು. ಊರಿಗೆ ನಗರವೆಂದು ಹೆಸರಿಡುವುದೂ ಹಾಗೇ ಇರಬೇಕು. ಅದು ಒಂದು ವಾಗ್ದಾನ. ನೀರು ಕೊಡುತ್ತೇನೆ, ನಿನ್ನ ಹೊಲಸನ್ನು ನಿನ್ನ ಕೆರೆಗೇ ಬಿಡುವುದಿಲ್ಲ, ನಿನ್ನ ಮಾತಿಗೆ ಜಾಗ ಉಳಿಸುತ್ತೇನೆ ಎಂಬ ವಾಗ್ದಾನ. ಕೊಟ್ಟ ಮಾತು ನಡೆಸದೆ ಹೆಸರು ಮಾತ್ರ ಇಟ್ಟರೆ ಅದು ಗೌರವವಲ್ಲ, ವಂಚನೆ.

ಓಹಾಯೊ ನಮಗೆ ಒಂದು ಮಾದರಿಯನ್ನೂ ಒಂದು ಎಚ್ಚರಿಕೆಯನ್ನೂ ಕೊಡುತ್ತದೆ. ನಗರ ಯಾವುದು ಎಂಬ ಪ್ರಶ್ನೆಯನ್ನು ಅಲ್ಲಿ ಬಾಗಿಲು ಮುಚ್ಚಿ ತೀರ್ಮಾನಿಸದೆ ಮತಪೆಟ್ಟಿಗೆಗೆ ತಂದರು. ಆ ಮಟ್ಟಿಗೆ ಅದು ಮಾದರಿ. ಮತಪೆಟ್ಟಿಗೆ ಇಟ್ಟ ಮಾತ್ರಕ್ಕೆ ನ್ಯಾಯವಾಗಲಿಲ್ಲ, ಅದರ ಮುಂದಿನ ಸಾಲಿನಲ್ಲಿ ಯಾರನ್ನು ನಿಲ್ಲಲು ಬಿಟ್ಟರು ಎಂಬುದೂ ಲೆಕ್ಕಕ್ಕೆ ಬಂತು. ಅದು ಎಚ್ಚರಿಕೆ. ನಮ್ಮ ಸಂವಿಧಾನದಲ್ಲಿ ತಿದ್ದುಪಡಿಗೆ ಜನರ ನೇರ ಮತದ ಪದ್ಧತಿ ಇಲ್ಲ, ನಮ್ಮ ಪರವಾಗಿ ಪ್ರತಿನಿಧಿಗಳು ತೀರ್ಮಾನಿಸುತ್ತಾರೆ. ಇರಲಿ. ಆದರೆ ಒಂದು ಊರು ಹಳ್ಳಿತನ ಬಿಡುವ ಮುನ್ನ ಅದರ ಕಡೆಯ ಗ್ರಾಮಸಭೆಯನ್ನು ಕರೆದು, ಬರುವುದೇನು ಹೋಗುವುದೇನು ಎಂದು ಓದಿ ಹೇಳಿ, ಜನರ ಒಪ್ಪಿಗೆ ಕೇಳುವುದಕ್ಕೆ ಯಾವ ಸಂವಿಧಾನದ ಅಡ್ಡಿಯೂ ಇಲ್ಲ. ಪುಟ್ಟ ಪಟ್ಟಣಗಳಲ್ಲೂ ಜನ ಸೇರಿ ಕೇಳುವ ಸಭೆ ಇರಲಿ ಎಂದು ರಾಜ್ಯ ಕಾನೂನು ಮಾಡುವುದಕ್ಕೂ ಅಡ್ಡಿಯಿಲ್ಲ. ಊರಿನ ಲಕ್ಷಣ ತೂಗುವಾಗ ಹೆಂಗಸರ ದುಡಿಮೆಯನ್ನೂ ತಕ್ಕಡಿಗೆ ಹಾಕುವುದಕ್ಕೆ ಒಂದು ಪದ ತೆಗೆದರೆ ಸಾಕು. ಓಹಾಯೊದವರು ಅಳಿಸಲು ಹಿಂಜರಿದದ್ದೂ ಒಂದು ಪದವನ್ನೇ.

ಓದುವವರಲ್ಲಿ ಒಂದು ಬಿನ್ನಹ. ನಿಮ್ಮ ಊರನ್ನು ಪಟ್ಟಣ ಮಾಡುವ, ಪುರಸಭೆಗೆ ಸೇರಿಸುವ, ಪಾಲಿಕೆಯಿಂದ ಒಡೆಯುವ ಕರಡು ಅಧಿಸೂಚನೆ ಬಂದರೆ, ಆಕ್ಷೇಪಣೆ ಮತ್ತು ಸಲಹೆಗೆ ಅದರಲ್ಲಿ ಇಂತಿಷ್ಟು ದಿನ ಎಂದು ಕೊಟ್ಟಿರುತ್ತಾರೆ. ಕಚೇರಿಯ ನೋಟಿಸ್ ಬೋರ್ಡಿನ ಮುಂದೆ ಒಂದು ಗಳಿಗೆ ನಿಂತು ಅದನ್ನು ಓದಿ. ಬೇಕು ಎನ್ನಿಸಿದರೆ ಬೇಕು ಎಂದು, ಬೇಡ ಎನ್ನಿಸಿದರೆ ಬೇಡ ಎಂದು, ಏನೇ ಆದರೂ ಕಾರಣ ಕೊಟ್ಟು ಬರೆದು ಕೊಡಿ, ಸ್ವೀಕೃತಿಯ ಸಹಿ ಪಡೆಯಿರಿ. ಹೋಗುವಾಗ ಮನೆಯ ಹೆಣ್ಣುಮಕ್ಕಳನ್ನು ಕರೆದುಕೊಂಡು ಹೋಗಿ, ಅವರ ಅರ್ಜಿ ಅವರೇ ಬರೆಯಲಿ. ಬೋರ್ಡಿಗೆ ಬಣ್ಣ ಬಳಿಯುವ ಮೊದಲು ಮಾತಾಡಬೇಕು. ಬಣ್ಣ ಒಣಗಿದ ಮೇಲೆ ಆಡಿದ ಮಾತಿಗೆ ಕಿವಿ ಸಿಗುವುದು ಕಷ್ಟ.